ಸತ್ತವರ ಜೇಬಿಗೆ ಕೈ ಹಾಕಿದವರು



"ಕವಿತೆ, ಪ್ರವಾಸಕಥನ ಬೇಕಾದಷ್ಟು ಬರುತ್ತಿವೆ, ಯಾರಾದರೂ ಒಂದು ವಿಮರ್ಶೆ ಬರೆಯಿರಪ್ಪಾ" ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಅಂಗಲಾಚಿದ್ದರು. ವಿಮರ್ಶೆ ಎಂದರೆ ಯಾವುದಾದರೂ ಹೊಸ ಕಾದಂಬರಿಯನ್ನು ಕೈಗೆತ್ತಿಕೊಳ್ಳುವುದು ನಮ್ಮ ಬಳಗದ ರೂಢಿ. ನಾವು ಈ ಸಲ ಪುಸ್ತಕ ಕೆಳಗಿಟ್ಟು ಟೀವಿ ರಿಮೋಟು ಹಿಡಿದಿದ್ದೇವೆ. ಹುಬ್ಬೇರಿಸಬೇಡಿ. ಕಥೆ ಎಲ್ಲಿದ್ದರೂ ಕಥೆಯೇ. ಸಾವು, ಕಳ್ಳತನ, ಕರುಣೆ ಇಷ್ಟೂ ಒಂದೇ ಕಥೆಯಲ್ಲಿ ಸಿಕ್ಕರೆ ಸಾಹಿತ್ಯಾಸಕ್ತರು ಬಿಡುವುದುಂಟೇ?

ಇಲ್ಲಿ "ನಾವು" ಎಂದರೆ ಒಂದೇ ಸೋಫಾದ ಮೇಲೆ ಒಂದೇ ಕಂಬಳಿ ಹೊದ್ದು ಕೂತ ಮೂವರು: ನಾವಿಬ್ಬರು ಮತ್ತು ಹದಿನಾಲ್ಕರ ಮಗಳು. ಟೈಪು ಮಾಡಿದ್ದು ಒಬ್ಬರೇ ಆದರೂ ವಾದ ಮಾಡಿದ್ದು ಮೂವರೂ.

ಶುರುವಾದದ್ದು ಹೀಗೆ. ಈ ಚಳಿಗಾಲದಲ್ಲಿ ಹಿಮ ಬಿದ್ದು ಎರಡು ದಿನ ಮನೆಯೊಳಗೇ ಕೂರಬೇಕಾಯಿತು. ಬೇಸ್‌ಮೆಂಟಿನ ಡಬ್ಬಗಳನ್ನು ತಡಕುವಾಗ "ಪುಶಿಂಗ್ ಡೇಸೀಸ್" ಧಾರಾವಾಹಿಯ ಹಳೆಯ ಡಿವಿಡಿಗಳು ಸಿಕ್ಕವು. 2007ರ ಅಕ್ಟೋಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ಇದು ಶುರುವಾದಾಗ ನಾವಿಬ್ಬರೂ ಆಗಷ್ಟೇ ಸಂಸಾರ ಹೂಡಿದ್ದೆವು. ಎಂ.ಎಸ್. ಮುಗಿದಿತ್ತು, ಮೊದಲ ಕೆಲಸ, ಬಾಡಿಗೆ ಮನೆ, ಯಾರೋ ಬಿಟ್ಟುಹೋದ ಸೋಫಾ. ಬುಧವಾರ ರಾತ್ರಿ ಅನ್ನ ಸಾರು ಮುಗಿಸಿ ಟೀವಿ ಮುಂದೆ ಕೂತರೆ ಎದ್ದೇಳುತ್ತಿರಲಿಲ್ಲ. ಅದೇ ಸುಖವನ್ನು ಮಗಳಿಗೂ ಉಣಿಸೋಣ ಎಂದುಕೊಂಡು ಮೊದಲ ಡಿವಿಡಿ ಹಾಕಿದೆವು. ಅವಳೂ ನಕ್ಕಳು. ಮೂರನೆಯ ಕಂತು ಮುಗಿದಾಗ ಮಾತ್ರ ನಗದೆ ಕೇಳಿದಳು: "ಅವನು ಕಳ್ಳ ಸರಿ. ಅದಕ್ಕೇ ಅವನು ಸತ್ತರೆ ಪರವಾಗಿಲ್ವಾ?"

ಹದಿನೆಂಟು ವರ್ಷದ ಹಿಂದೆ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಯಾಕೆ ಹೊಳೆಯಲಿಲ್ಲ ಎಂಬುದೇ ಈ ಲೇಖನ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇವೆ. ಸತ್ತು ಮಣ್ಣಾದವರ ಮೇಲೆ ಡೇಸಿ ಹೂ ಬೆಳೆಯುತ್ತದೆಂದು ಇಂಗ್ಲಿಷಿನಲ್ಲೊಂದು ತಮಾಷೆಯ ಮಾತಿದೆ, ಶೀರ್ಷಿಕೆ ಹುಟ್ಟಿದ್ದು ಅದರಿಂದ. ನೆಡ್ ಎಂಬ ಹುಡುಗನಿಗೆ ಒಂದು ವಿಚಿತ್ರ ವರ. ಸತ್ತದ್ದನ್ನು ಮುಟ್ಟಿದರೆ ಅದು ಬದುಕುತ್ತದೆ. ಎರಡನೆಯ ಸಲ ಮುಟ್ಟಿದರೆ ಮತ್ತೆ ಸಾಯುತ್ತದೆ, ಈ ಸಲ ಶಾಶ್ವತವಾಗಿ. ಬದುಕಿದ್ದು ಒಂದು ನಿಮಿಷ ದಾಟಿ ಉಳಿದರೆ ಅದರ ಬದಲಿಗೆ ಅಕ್ಕಪಕ್ಕದಲ್ಲಿ ಇನ್ನೊಂದು ಜೀವ ಹೋಗುತ್ತದೆ. ಹುಡುಗ ತನ್ನ ನಾಯಿಯನ್ನು ಬದುಕಿಸುತ್ತಾನೆ, ಮರದಿಂದ ಅಳಿಲೊಂದು ಬಿದ್ದು ಸಾಯುತ್ತದೆ. ಅಮ್ಮನನ್ನು ಬದುಕಿಸುತ್ತಾನೆ, ಎದುರುಮನೆಯಲ್ಲಿ ಚಕ್ ಎಂಬ ಹುಡುಗಿಯ ಅಪ್ಪ ಕುಸಿದು ಸಾಯುತ್ತಾನೆ. ಆ ರಾತ್ರಿ ಮಲಗಿಸಲು ಬಂದ ಅಮ್ಮ ಮಗನಿಗೆ ಮುತ್ತಿಡುತ್ತಾಳೆ, ಅಲ್ಲಿಗೆ ಅವಳೂ ಹೋದಳು. ವರವೋ ಶಾಪವೋ ನೀವೇ ಹೇಳಿ. ನಮ್ಮ ಭಸ್ಮಾಸುರನಿಗೂ ಇಷ್ಟು ಕಂಡೀಷನ್ನು ಇರಲಿಲ್ಲ.

ನೆಡ್ ದೊಡ್ಡವನಾಗಿ ಪೈ ಅಂಗಡಿ ಇಡುತ್ತಾನೆ. ಕೊಳೆತ ಹಣ್ಣನ್ನು ಮುಟ್ಟಿದರೆ ತಾಜಾ ಆಗುತ್ತದಲ್ಲ, ಕಚ್ಚಾ ಮಾಲಿನ ಖರ್ಚು ಉಳಿಯಿತು. ಗುಟ್ಟು ತಿಳಿದ ಖಾಸಗಿ ಪತ್ತೇದಾರ ಎಮರ್ಸನ್ ಕಾಡ್ ಅವನನ್ನು ಪಾಲುದಾರನಾಗಿ ಮಾಡಿಕೊಳ್ಳುತ್ತಾನೆ. ಕೊಲೆಯಾದವರನ್ನು ನೆಡ್ ಒಂದು ನಿಮಿಷ ಎಬ್ಬಿಸುವುದು, ಕೊಂದವರು ಯಾರೆಂದು ಕೇಳುವುದು, ಮತ್ತೆ ಮಲಗಿಸುವುದು, ಬಹುಮಾನದ ಹಣ ಹಂಚಿಕೊಳ್ಳುವುದು. ಹೀಗಿರುವಾಗ ಒಂದು ದಿನ ಪೆಟ್ಟಿಗೆಯಲ್ಲಿ ಮಲಗಿದ್ದವಳು ಬಾಲ್ಯದ ಚಕ್. ಅವಳನ್ನು ಎಬ್ಬಿಸುತ್ತಾನೆ, ಮಾತಾಡಿಸುತ್ತಾನೆ, ಎರಡನೆಯ ಸಲ ಮುಟ್ಟಲು ಮನಸ್ಸು ಬರುವುದಿಲ್ಲ. ನಿಮಿಷ ದಾಟುತ್ತದೆ. ಅತ್ತ ಆ ಶವಾಗಾರದ ಮಾಲೀಕ ಲಾರೆನ್ಸ್ ಶಾಟ್ಜ್ ಸತ್ತು ಬೀಳುತ್ತಾನೆ. ಮುಂದಿನದು ಪ್ರೇಮಕಥೆ. ಮುಟ್ಟಿದರೆ ಅವಳು ಸಾಯುತ್ತಾಳಾದ್ದರಿಂದ ಎರಡು ಸೀಸನ್ನು, 22 ಕಂತು ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ ಪ್ರೀತಿಸುತ್ತಾರೆ.

ಇದನ್ನು ಕೊಂಡಾಡುವವರು ಹೇಳುವ ಎಲ್ಲವನ್ನೂ ನಾವು ಒಪ್ಪುತ್ತೇವೆ. ಬಣ್ಣಗಳು ಚಿಣ್ಣರ ಚಿತ್ರಪುಸ್ತಕದಂತಿವೆ. ಹ್ಯಾರಿ ಪಾಟರ್ ಆಡಿಯೋ ಪುಸ್ತಕಗಳನ್ನು ಓದಿದ ಜಿಮ್ ಡೇಲ್ ಅವರದೇ ನಿರೂಪಣೆಯ ಧ್ವನಿ, ಅಜ್ಜ ಕಥೆ ಹೇಳಿದ ಹಾಗೆ. ಮೊದಲ ಕಂತಿನ ನಿರ್ದೇಶನಕ್ಕೆ ಬ್ಯಾರಿ ಸೊನೆನ್‌ಫೆಲ್ಡ್ ಅವರಿಗೆ 2008ರಲ್ಲಿ, ಪೋಷಕ ಪಾತ್ರಕ್ಕೆ ಕ್ರಿಸ್ಟಿನ್ ಚೆನೊವೆತ್ ಅವರಿಗೆ 2009ರಲ್ಲಿ ಎಮ್ಮಿ ಬಂತು. ಲೇಖಕರ ಮುಷ್ಕರದಿಂದ ಮೊದಲ ಸೀಸನ್ನು ಒಂಬತ್ತೇ ಕಂತಿಗೆ ನಿಂತಿತು, ಎರಡನೆಯದರೊಂದಿಗೆ 2009ರಲ್ಲಿ ಅಂಗಡಿ ಮುಚ್ಚಿತು. ನಮಗೆ ಆಗ ಮನೆಯವರೇ ಯಾರೋ ಹೋದಷ್ಟು ಬೇಸರವಾಗಿತ್ತು.

ಈಗ ಮಗಳ ಪ್ರಶ್ನೆಗೆ ಬರೋಣ. ಮೂರನೆಯ ಕಂತಿನಲ್ಲಿ ಸತ್ತ ಶಾಟ್ಜ್‌ನ ಅವಳಿ ಸಹೋದರ ಎಮರ್ಸನ್‌ನ ಬಳಿ ಬಂದು, ತನ್ನ ಸಹೋದರ ಸತ್ತದ್ದು ಹೇಗೆ ಪತ್ತೆಮಾಡಿಕೊಡಿ ಎನ್ನುತ್ತಾನೆ. ನಮಗೆ ಗೊತ್ತು: ಕೊಂದವನು ಪೈ ಅಂಗಡಿಯ ನೆಡ್. ಕೈಯಾರೆ ಕೊಲ್ಲಲಿಲ್ಲ, ಯಾರನ್ನೆಂದು ಗುರಿಯಿಡಲಿಲ್ಲ. ಆದರೆ ಒಂದು ನಿಮಿಷ ದಾಟಿದರೆ ಯಾರಾದರೂ ಸಾಯುತ್ತಾರೆಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ಕಥೆ ಇಲ್ಲಿ ನಿಜವಾದ ಇಕ್ಕಟ್ಟಿನಲ್ಲಿದೆ. ನಾವು ಮುದ್ದಿಸುತ್ತಿರುವ ಈ ನಾಚಿಕೆಯ ಹುಡುಗ ಅಪರಾಧಿ. ಅವನನ್ನು ಪ್ರೀತಿಸುತ್ತಲೇ ಈ ಸತ್ಯವನ್ನು ನಾವು ಹೇಗೆ ಹೊರಬೇಕು?

ಧಾರಾವಾಹಿ ಕೊಡುವ ಪರಿಹಾರ: ಶಾಟ್ಜ್ ಸಹೋದರರು ಹೆಣಗಳ ಮೈಮೇಲಿನ ಬೆಲೆಬಾಳುವ ವಸ್ತುಗಳನ್ನು ಕದಿಯುತ್ತಿದ್ದರು! ಸತ್ತವರ ಜೇಬಿಗೆ ಕೈ ಹಾಕಿದವರು. ಚಕ್‌ಗೆ ನೋವಾಗುತ್ತದೆ ನಿಜ. ತನ್ನಿಂದ ಒಬ್ಬ ಹೋದನೆಂದು ಅವಳು ಕೊರಗುತ್ತಾಳೆ. ಆದರೆ ನೋಡುವ ನಮಗೆ ಒಳಗೊಳಗೇ ನಿರಾಳ. ಹೋದವನು ಅಂಥ ಒಳ್ಳೆಯವನೇನಲ್ಲವಲ್ಲ, ಬಿಡು. ಕಂತು ಮುಗಿಯುವುದರೊಳಗೆ ಲೆಕ್ಕ ಚುಕ್ತಾ.

ಒಮ್ಮೆಯಾದರೆ ಕಾಕತಾಳೀಯ ಎನ್ನಬಹುದಿತ್ತು. ಎರಡನೆಯ ಸೀಸನ್ನಿನಲ್ಲಿ ಚಕ್ ತನ್ನ ಅಪ್ಪನನ್ನು ಗೋರಿಯಿಂದ ಎಬ್ಬಿಸಿ, ಉಪಾಯ ಮಾಡಿ, ಒಂದು ನಿಮಿಷದಾಚೆಗೂ ಉಳಿಸಿಕೊಳ್ಳುತ್ತಾಳೆ. ಬದಲಿಗೆ ಸಾಯುವವನು ಡ್ವೈಟ್ ಡಿಕ್ಸನ್. ಅವನು ಯಾರು? ಅದೇ ಸ್ಮಶಾನದಲ್ಲಿ ಬಂದೂಕು ಹಿಡಿದು ಹೊಂಚು ಹಾಕುತ್ತಿದ್ದ ಖಳನಾಯಕ. ನಿಯಮದ ಪ್ರಕಾರ ಹತ್ತಿರದಲ್ಲಿದ್ದವರು ಯಾರು ಬೇಕಾದರೂ ಸಾಯಬಹುದು. ಗೋರಿಗೆ ಹೂವಿಡಲು ಬಂದ ಮುದುಕಿಯಾಗಬಹುದಿತ್ತು, ಸ್ಮಶಾನದ ಕಾವಲುಗಾರನಾಗಬಹುದಿತ್ತು. ನಾಯಕ ನಾಯಕಿಯರು ತಿಳಿದೂ ತಿಳಿದೂ ನಿಮಿಷ ದಾಟಿಸಿದಾಗಲೆಲ್ಲ ಸಾಯಲು ಒಬ್ಬ ಕೆಟ್ಟವನು ಸರಿಯಾದ ಜಾಗದಲ್ಲಿ ಸಿದ್ಧನಾಗಿ ನಿಂತಿರುತ್ತಾನೆ.

ಚಕ್‌ಳ ಅಪ್ಪನ ಸಾವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಗ ನೆಡ್ ಏನೂ ಅರಿಯದ ಮಗು. ಅವನ ತಪ್ಪು ಅತಿ ಕಡಿಮೆ ಇದ್ದದ್ದು ಅಲ್ಲೇ. ಆದರೂ ಆ ಸಾವಿನ ಭಾರ ಇಡೀ ಮೊದಲ ಸೀಸನ್ನಿನ ಮೇಲೆ ಕೂತಿದೆ. ಅದನ್ನು ಅವಳಿಗೆ ಹೇಗೆ ಹೇಳಲಿ ಎಂದು ನೆಡ್ ಒದ್ದಾಡುತ್ತಾನೆ, ಹೇಳಿದ ಮೇಲೆ ಅವಳು ಒದ್ದಾಡುತ್ತಾಳೆ. ಒಳ್ಳೆಯವನ ಸಾವಿಗೆ ಒಂದು ಸೀಸನ್ನು, ಕಳ್ಳನ ಸಾವಿಗೆ ಒಂದು ಕಂತು. ಅರಿಯದೆ ಮಾಡಿದ್ದಕ್ಕೆ ಪಶ್ಚಾತ್ತಾಪ, ಅರಿತು ಮಾಡಿದ್ದಕ್ಕೆ ರಿಯಾಯಿತಿ.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಹೋಲಿಕೆ ಇದೆ, ಸಾಫ್ಟ್‌ವೇರಿನವರಲ್ಲದ ಮಿತ್ರರು ಕ್ಷಮಿಸಬೇಕು. ಪ್ರೋಗ್ರಾಂ ಬರೆದವನೇ ಅದನ್ನು ಟೆಸ್ಟ್ ಮಾಡಲು ಕೂತರೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಡೇಟಾ ಕೊಟ್ಟರೆ ಅದು ಮುಗ್ಗರಿಸುತ್ತದೋ ಆ ಕಡೆ ಹೋಗುವುದೇ ಇಲ್ಲ. ಪಾಸಾಗುವ ಡೇಟಾ ಕೊಟ್ಟು, ಪಾಸಾಯಿತು ನೋಡಿ ಎಂದು ಮೇಲಧಿಕಾರಿಗೆ ತೋರಿಸುತ್ತಾನೆ. ಬ್ರಯನ್ ಫುಲರ್ ಅವರ ತಂಡ ಮಾಡಿದ್ದೂ ಅದೇ. "ಬದಲಿಗೆ ಇನ್ನೊಂದು ಜೀವ" ಎಂಬ ಭಯಂಕರ ನಿಯಮವನ್ನು ತಾವೇ ಬರೆದರು. ಆಮೇಲೆ ಆ ನಿಯಮ ತಮ್ಮ ನಾಯಕನನ್ನು ಕಚ್ಚದಂಥ ಜೀವಗಳನ್ನೇ ಆರಿಸಿ ಆರಿಸಿ ಅದರ ಬಾಯಿಗೆ ಹಾಕಿದರು.

"ಅದೊಂದು ಕಟ್ಟುಕಥೆ ಕಣ್ರೀ, ಬಣ್ಣಬಣ್ಣದ ಹಾಸ್ಯ, ಇಷ್ಟೊಂದು ಕೆದಕಬೇಕೇ?" ಎಂದು ನಮ್ಮಲ್ಲೇ ಒಬ್ಬರು ವಾದಿಸಿದರು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸಾವಿನ ಬಗ್ಗೆ ನಗುವುದು ದೊಡ್ಡ ಗುಣ ಎಂದೇ ನಾವೂ ನಂಬಿದವರು. ಯಮನನ್ನು ಕೋಣದಿಂದ ಇಳಿಸಿ ಕಾಫಿ ಕುಡಿಸುವ ತಮಾಷೆ ನಮ್ಮ ನಾಟಕ ಸಿನಿಮಾಗಳಿಗೆ ಹೊಸದಲ್ಲ. ಅಪರಾಧಿಯ ಮೇಲೆ ಕರುಣೆ ತೋರುವುದೂ ತಪ್ಪಲ್ಲ, ಕಥೆಗಳು ಇರುವುದೇ ಅದಕ್ಕೆ. ನಮ್ಮ ತಕರಾರು ಬೇರೆ. ಒಬ್ಬ ಅಪರಾಧಿಗೆ ತೋರಿದ ಕರುಣೆಯ ಬಿಲ್ಲನ್ನು ಇನ್ನೊಬ್ಬನ ಹೆಸರಿಗೆ ಬರೆಯುವುದು ಸರಿಯೇ?

ಹಾಸ್ಯವಾಗಿದ್ದೂ ಹಾಗೆ ಮಾಡದೆ ಇರಲು ಸಾಧ್ಯವೇ ಎಂದು ಕೇಳಿದರೆ, ಸಾಧ್ಯ. ಇದೇ ಫುಲರ್ ಅದಕ್ಕೂ ಮೊದಲು ಹುಟ್ಟುಹಾಕಿದ "ಡೆಡ್ ಲೈಕ್ ಮಿ" ಅದಕ್ಕೆ ಸಾಕ್ಷಿ. ಶೋಟೈಂ ವಾಹಿನಿಯಲ್ಲಿ 2003 ಮತ್ತು 2004ರಲ್ಲಿ ಎರಡು ಸೀಸನ್ನು, 29 ಕಂತು ಬಂತು. ಫುಲರ್ ಮೊದಲ ಸೀಸನ್ನಿನ ಆರಂಭದಲ್ಲೇ ಬಿಟ್ಟುಹೋದರು, ಆದ್ದರಿಂದ ಮುಂದಿನ ಹೊಗಳಿಕೆ ಪೂರ್ತಿ ಅವರಿಗೆ ಸಲ್ಲುವುದಿಲ್ಲ. ಹದಿನೆಂಟರ ಹುಡುಗಿ ಜಾರ್ಜ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಊಟದ ಬಿಡುವಿನಲ್ಲಿ ಸಾಯುತ್ತಾಳೆ. ಹೇಗೆ? ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣದ ಟಾಯ್ಲೆಟ್ ಸೀಟು ಆಕಾಶದಿಂದ ಬಂದು ಬೀಳುತ್ತದೆ. (ನಿಜವಾದ ಮೀರ್ 2001ರ ಮಾರ್ಚಿನಲ್ಲಿ ಪೆಸಿಫಿಕ್ ಸಾಗರಕ್ಕೆ ಬಿತ್ತು, ಯಾರ ತಲೆಯ ಮೇಲೂ ಅಲ್ಲ.) ಸತ್ತವಳಿಗೆ ಮುಕ್ತಿಯೂ ಇಲ್ಲ, ಯಮದೂತರ ಕೆಲಸ ಕಾಯುತ್ತಿರುತ್ತದೆ. ಅಕಾಲ ಮರಣಕ್ಕೀಡಾಗುವವರ ಆತ್ಮವನ್ನು ಪೆಟ್ಟು ಬೀಳುವ ಮೊದಲೇ ಮುಟ್ಟಿ ಬಿಡಿಸಬೇಕು. ಮೇಸ್ತ್ರಿ ರೂಬ್ ಎಂಬವನು. ಈ ಪಾತ್ರವನ್ನು ಮ್ಯಾಂಡಿ ಪಟಿಂಕಿನ್ ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ ನಮ್ಮ ಸರ್ಕಾರಿ ಕಚೇರಿಯ ಹಳೆಯ ಹೆಡ್ ಗುಮಾಸ್ತರೇ ನೆನಪಾಗುತ್ತಾರೆ. ಪ್ರತಿ ಬೆಳಗ್ಗೆ ದೋಸೆಯಂಗಡಿಯಂಥ ಒಂದು ವಾಫಲ್ ಹೋಟೆಲಿನಲ್ಲಿ ಕೂತು ಹಳದಿ ಪೋಸ್ಟ್-ಇಟ್ ಚೀಟಿ ಹಂಚುತ್ತಾನೆ: ಸಾಯುವವರ ಹೆಸರಿನ ಮೊದಲಕ್ಷರ, ಮನೆತನದ ಹೆಸರು, ಜಾಗ, ಹೊತ್ತು. ಚಿತ್ರಗುಪ್ತನ ಕಡತ ಪೋಸ್ಟ್-ಇಟ್‌ಗೆ ಇಳಿದಿದೆ, ಅಷ್ಟೇ ವ್ಯತ್ಯಾಸ.

ಈ ಕೆಲಸಕ್ಕೆ ಸಂಬಳವಿಲ್ಲ. ಯಮದೂತರಿಗೂ ಬಾಡಿಗೆ ಕಟ್ಟಬೇಕು, ತಿಂಡಿ ತಿನ್ನಬೇಕು. ಹಾಗಾಗಿ ಅವರು ಸತ್ತವರ ಜೇಬಿಗೆ ಕೈ ಹಾಕುತ್ತಾರೆ! ಮೇಸನ್ ಎಂಬವನಂತೂ ಕುಡುಕ, ವ್ಯಸನಿ, ಸಣ್ಣಪುಟ್ಟ ಕಳ್ಳ. ಅಲ್ಲಿ ಶಾಟ್ಜ್‌ನ ಪ್ರಾಣಕ್ಕೆ ಬೆಲೆಯಿಲ್ಲದಂತೆ ಮಾಡಿದ ಅಪರಾಧ ಇಲ್ಲಿ ಹೊಟ್ಟೆಪಾಡಿನ ತಮಾಷೆ. ಒಂದೇ ಕಳ್ಳತನ, ಎರಡು ತೀರ್ಪು! ಒಂದು ಕಡೆ ಕದ್ದವನು ನಾಯಕನ ದಾರಿಯಲ್ಲಿ ನಿಂತಿದ್ದ, ಇನ್ನೊಂದು ಕಡೆ ನಾಯಕಿಯ ಪಕ್ಕದಲ್ಲಿ ಕೂತು ತಿಂಡಿ ತಿನ್ನುತ್ತಿದ್ದ. ನಮ್ಮ ಕರುಣೆ ಅಪರಾಧದ ಗಾತ್ರ ನೋಡಿ ಹರಿಯುವುದಿಲ್ಲ, ಕ್ಯಾಮೆರಾ ಯಾರ ಜೊತೆ ಹೆಚ್ಚು ಹೊತ್ತು ಕೂತಿತೆಂದು ನೋಡಿ ಹರಿಯುತ್ತದೆ. ಎರಡನ್ನೂ ಬೆನ್ನು ಬೆನ್ನಿಗೆ ನೋಡಿದಾಗಲಷ್ಟೇ ನಮಗೆ ಇದು ಹೊಳೆದದ್ದು.

ಹಾಗಾದರೆ "ಡೆಡ್ ಲೈಕ್ ಮಿ" ಮೇಲು ಹೇಗೆ? ಅದು ತನ್ನ ಕಳ್ಳರಿಗೆ ರಿಯಾಯಿತಿ ಬೇಡುವುದಿಲ್ಲ. ಮೊದಲ ಕಂತಿನಲ್ಲೇ ಜಾರ್ಜ್‌ಗೆ ಬಂದ ಚೀಟಿ ಒಂದು ಪುಟ್ಟ ಹುಡುಗಿಯದು. ರೈಲು ಅಪಘಾತದಲ್ಲಿ ಸಾಯಬೇಕಾದ ಮಗು. ಅಲ್ಲಿಗೆ ಒಬ್ಬ ಹೆಣಗಳ್ಳನನ್ನು ಕಳಿಸಿದ್ದರೆ ನಾವು ಹಾಯಾಗಿ ನಕ್ಕು ಮುಂದಿನ ಕಂತಿಗೆ ಹೋಗುತ್ತಿದ್ದೆವು. ಬರೆದವರು ಹಾಗೆ ಮಾಡಲಿಲ್ಲ. ಅತಿ ಕಷ್ಟದ ಡೇಟಾವನ್ನೇ ಮೊದಲು ಕೊಟ್ಟು ತಮ್ಮ ನಿಯಮವನ್ನು ಪರೀಕ್ಷಿಸಿದರು. ಮೇಸ್ತ್ರಿ ರೂಬ್ ಕೂಡ ಬದುಕಿದ್ದಾಗ ಬ್ಯಾಂಕು ದರೋಡೆ ಮಾಡಿದವನೆಂದು ನಮಗೆ ನಿಧಾನವಾಗಿ ತಿಳಿಯುತ್ತದೆ. ಅಷ್ಟು ಹೊತ್ತಿಗೆ ನಾವು ಅವನನ್ನು ಮನೆಯ ಹಿರಿಯನಂತೆ ಕಾಣತೊಡಗಿರುತ್ತೇವೆ. ಸತ್ತು ದಶಕಗಳಾದರೂ ವಯಸ್ಸೇರದ ಅವನು, ತನ್ನ ಮಗಳು ರೋಸಿಯನ್ನು ಕಾಣಲು ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗುತ್ತಾನೆ. ಅಪ್ಪನಿಗಿಂತ ಮಗಳು ಮುದುಕಿ. ಆ ದೃಶ್ಯದಲ್ಲಿ ದರೋಡೆಗೆ ಸಮರ್ಥನೆ ಇಲ್ಲ, ಬ್ಯಾಂಕಿನವರು ಕೆಟ್ಟವರಾಗಿದ್ದರೆಂಬ ಸಮಾಧಾನವೂ ಇಲ್ಲ. ಮಾಡಿದ್ದು ಮಾಡಿದ್ದೇ. ಅದರ ನಡುವೆಯೇ ಅವನೊಬ್ಬ ಅಪ್ಪ. ನಾವಿಬ್ಬರೂ ಕಣ್ಣೊರೆಸಿಕೊಂಡದ್ದನ್ನು ಮಗಳು ನೋಡಿದಳು, ಏನೂ ಅನ್ನಲಿಲ್ಲ.

ಇತ್ತೀಚಿನ ಎರಡು ಉದಾಹರಣೆ ಹೇಳಿ ಈ ಭಾಗ ಮುಗಿಸುತ್ತೇವೆ. ಎನ್‌ಬಿಸಿಯಲ್ಲಿ 2016ರಿಂದ 2020ರವರೆಗೆ ನಾಲ್ಕು ಸೀಸನ್ನು ಬಂದ "ದ ಗುಡ್ ಪ್ಲೇಸ್" ಬಳಗದ ಬಹಳ ಮಂದಿಗೆ ಮೆಚ್ಚು. ಸತ್ತ ಮೇಲೆ ಪಾಪಪುಣ್ಯವನ್ನು ಅಂಕದಲ್ಲಿ ಎಣಿಸುವ ಲೋಕ ಅದು. ನಾಯಕಿ ಎಲಿನರ್ ಬದುಕಿದ್ದಾಗ ಫೋನಿನಲ್ಲಿ ವೃದ್ಧರಿಗೆ ಹುಸಿ ಔಷಧಿ ಮಾರಿದವಳು. ಜೇಸನ್ ಎಂಬವನು ಕಳ್ಳತನ ಮಾಡಲು ತಿಜೋರಿಯೊಳಗೆ ಅಡಗಿ ಕೂತು ಉಸಿರುಕಟ್ಟಿ ಸತ್ತವನು. ಇಬ್ಬರನ್ನೂ ನಾವು ಮನಸಾರೆ ಪ್ರೀತಿಸುತ್ತೇವೆ, ಅವರು ಕಲಿಯುತ್ತಾರೆ, ಮಾಗುತ್ತಾರೆ. 521 ವರ್ಷದಿಂದ ಒಬ್ಬರೂ ಸ್ವರ್ಗ ಸೇರಿಲ್ಲವೆಂದು ತಿಳಿದಾಗ ತಪ್ಪು ಅಂಕ ಎಣಿಸುವ ವ್ಯವಸ್ಥೆಯದೇ ಎಂದು ಗೊತ್ತಾಗುತ್ತದೆ. ಇದೆಲ್ಲ ಸೊಗಸಾಗಿದೆ. ಆದರೆ ಆ ಔಷಧಿ ಕೊಂಡ ಒಬ್ಬ ಮುದುಕನಾದರೂ ಕಥೆಯಲ್ಲಿ ಒಂದು ಪಾತ್ರವಾಗಿ ನಮ್ಮ ಮನಸ್ಸಿನಲ್ಲಿ ಉಳಿದಿದ್ದಾನೆಯೇ? ಅವರೂ ಎಲ್ಲೋ ಸತ್ತು ಅದೇ ಲೋಕಕ್ಕೆ ಬಂದಿರಬೇಕಲ್ಲ!

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಎಚ್‌ಬಿಒದ "ಬ್ಯಾರಿ" (2018ರಿಂದ 2023). ಸುಪಾರಿ ಕೊಲೆಗಾರನೊಬ್ಬ ನಟನೆಯ ಕ್ಲಾಸಿಗೆ ಸೇರುವ ಹಾಸ್ಯವಾಗಿ ಅದು ಶುರುವಾಯಿತು. ಮೊದಲ ಸೀಸನ್ನಿನ ಕೊನೆಯಲ್ಲಿ ಅವನು ಜಾನಿಸ್ ಮಾಸ್ ಎಂಬ ಪತ್ತೇದಾರಿಣಿಯನ್ನು ಕೊಲ್ಲುತ್ತಾನೆ. ಉಳಿದ ಮೂರು ಸೀಸನ್ನೂ ಆ ಒಂದು ಹೆಸರನ್ನು ಮರೆಯಲು ನಮ್ಮನ್ನು ಬಿಡುವುದಿಲ್ಲ. ನಗು ಕ್ರಮೇಣ ಬತ್ತುತ್ತದೆ. ಕೊನೆಯಲ್ಲಿ ಅವನ ಬಗ್ಗೆ ಹಾಲಿವುಡ್ಡಿನವರು ಒಂದು ಸಿನಿಮಾ ಮಾಡುತ್ತಾರೆ, ಅದರಲ್ಲಿ ಕೊಲೆಗಾರ ವೀರಯೋಧ, ನಿರಪರಾಧಿ ಮೇಷ್ಟರೇ ಖಳ. ಕಥೆಗಳು ಕರುಣೆಯ ಹೆಸರಿನಲ್ಲಿ ಏನು ಮಾಡಬಲ್ಲವೆಂದು ಒಂದು ಕಥೆಯೇ ಒಪ್ಪಿಕೊಂಡ ಹಾಗೆ. ಹಗುರ ಹಾಸ್ಯ ಬೇಕೆಂದು ಕೂತವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ, ಎಚ್ಚರಿಕೆ.

ಇಷ್ಟು ಹೊತ್ತಿಗೆ ಸಂಪಾದಕರು "ಕನ್ನಡ ಎಲ್ಲಿ?" ಎಂದು ಕೇಳುತ್ತಿರಬಹುದು. ಕಳ್ಳನಿಗೆ ಕರುಣೆ ತೋರಲು ನಮಗೆ ಹೊರಗಿನವರು ಕಲಿಸಬೇಕಿಲ್ಲ. "ವಡ್ಡಾರಾಧನೆ"ಯಲ್ಲಿ ವಿದ್ಯುಚ್ಚೋರನೆಂಬ ಕಳ್ಳ ರಿಸಿಯೇ ಆಗುತ್ತಾನೆ. ಆದರೆ ಈ ಟೀವಿ ಕಥೆಗಳ ಲೆಕ್ಕಕ್ಕೆ ನಮಗೆ ನೆನಪಾದದ್ದು 1209ರಲ್ಲಿ ಜನ್ನ ಬರೆದ "ಯಶೋಧರ ಚರಿತೆ". ಯಶೋಧರ ನಿಜವಾದ ಪ್ರಾಣಿಯನ್ನೂ ಕೊಲ್ಲಲಿಲ್ಲ. ತಾಯಿಯ ಮಾತು ಮೀರಲಾರದೆ ಹಿಟ್ಟಿನ ಹುಂಜವನ್ನು ಬಲಿಕೊಟ್ಟ. ಕಡಿದಾಗ ಅದು ಕೂಗಿತು. ಆ ಒಂದು ಕೂಗಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಯಿತು. ನಾವು ಕಾಲೇಜಿನಲ್ಲಿ ಇದನ್ನು ಓದಿದಾಗ, ಹಿಟ್ಟಿನ ಮುದ್ದೆಗೆ ಇಷ್ಟು ಶಿಕ್ಷೆಯೇ, ಅತಿಯಾಯಿತು ಎಂದು ನಕ್ಕಿದ್ದುಂಟು. ಇದೇ ಕಥೆ ಗಿರೀಶ ಕಾರ್ನಾಡರ "ಹಿಟ್ಟಿನ ಹುಂಜ" ನಾಟಕಕ್ಕೂ ಮೂಲವಾಯಿತು. ಜನ್ನ ಅಪರಾಧಿಗಳನ್ನು ದ್ವೇಷಿಸಲಿಲ್ಲ. ಮಾವುತನಿಗೆ ಒಲಿದ, ಕೊನೆಗೆ ಗಂಡನಿಗೇ ವಿಷವಿಕ್ಕಿದ ಅಮೃತಮತಿ ಓದುಗರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಅವನು ಅವಳ ಒಲವನ್ನು ಒಳಗಿನಿಂದ ಕಂಡದ್ದರಿಂದ. ಮಕ್ಕಳಿಬ್ಬರನ್ನು ಬಲಿಗೆ ನಿಲ್ಲಿಸಿದ ಮಾರಿದತ್ತನಿಗೂ ಅಲ್ಲಿ ಬಿಡುಗಡೆಯಿದೆ. ಆದರೆ ಕೂಗಿದ ಹುಂಜ ಕೆಟ್ಟ ಹುಂಜವಾಗಿತ್ತು ಎಂದು ಜನ್ನ ಎಲ್ಲೂ ಹೇಳುವುದಿಲ್ಲ. ಹಿಟ್ಟಿನದಾದರೂ ಅದರ ಕೂಗು ಲೆಕ್ಕಕ್ಕೆ ಬಂತು. ಲಾರೆನ್ಸ್ ಶಾಟ್ಜ್‌ಗೆ ಅಷ್ಟೂ ದಕ್ಕಲಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆ: ಹದಿನೆಂಟು ವರ್ಷದ ಹಿಂದೆ ನಮಗೆ ಇದು ಯಾಕೆ ಹೊಳೆಯಲಿಲ್ಲ? ಉತ್ತರ ಟೀವಿಯಲ್ಲಿ ಇಲ್ಲ, ನಮ್ಮ ಊರಿನಲ್ಲಿದೆ.

ನಮಗೊಬ್ಬ ದೊಡ್ಡಪ್ಪ ಇದ್ದರು. ಹಾಸನ ಜಿಲ್ಲೆಯ ಸಣ್ಣ ಊರು. ಮಾತುಗಾರ, ಹಾಡುಗಾರ, ಮಕ್ಕಳಿಗೆ ಪ್ರಾಣ. ಊರಲ್ಲಿ ಚೀಟಿ ನಡೆಸುತ್ತಿದ್ದರು. ಒಂದು ವರ್ಷ ಚೀಟಿ ಮುಳುಗಿತು. ಮುಳುಗಿತೆಂದು ಮನೆಯಲ್ಲಿ ಹೇಳುತ್ತಿದ್ದ ಮಾತು. ಮುಳುಗಿಸಿದರೆಂದು ಊರಲ್ಲಿ ಹೇಳುತ್ತಿದ್ದ ಮಾತು. ಅವರು ಹೋದಾಗ ನಮಗೆ ಟಿಕೆಟ್ಟು ಸಿಕ್ಕಿ ಊರು ಸೇರುವ ಹೊತ್ತಿಗೆ ಎಲ್ಲ ಮುಗಿದು ವೈಕುಂಠ ಸಮಾರಾಧನೆಯಷ್ಟೇ ಉಳಿದಿತ್ತು. ಇಲ್ಲಿ ಬದುಕುವ ನಮಗೆಲ್ಲ ಗೊತ್ತಿರುವ ಸಂಗತಿ: ನಾವು ಸಾವಿಗೆ ಹೋಗುವುದಿಲ್ಲ, ಹದಿಮೂರನೆಯ ದಿನದ ಊಟಕ್ಕೆ ಹೋಗುತ್ತೇವೆ. ನಮ್ಮ ಪಾಲಿಗೆ ದುಃಖ ಬರುವುದೇ ಹೋಳಿಗೆಯ ಜೊತೆ.

ಅಂದು ಪಂಕ್ತಿಯಲ್ಲಿ ದೊಡ್ಡಪ್ಪನ ಕಥೆಗಳೋ ಕಥೆಗಳು. ಸಾಲಗಾರರು ಬಂದಾಗ ಹಿತ್ತಲ ಬಾಗಿಲಿನಿಂದ ಓಡಿದ್ದು, ಅಟ್ಟದಲ್ಲಿ ಅಡಗಿ ಸೀನಿ ಸಿಕ್ಕಿಬಿದ್ದದ್ದು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪ್ರೀತಿಯಿಂದಲೇ ನಕ್ಕೆವು. ಕೊನೆಯ ಪಂಕ್ತಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಮಾತ್ರ ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಹೂ ಮಾರುವವರು. ಬಡಿಸುತ್ತಿದ್ದ ಅಕ್ಕ ನಮ್ಮ ಕಿವಿಯಲ್ಲಿ "ಮಗಳ ಮದುವೆಗೇಂತ ಚೀಟಿ ಹಾಕಿದ್ರು, ಪಾಪ" ಎಂದಳು. ಎದ್ದು ಹೋಗುವಾಗ ಆಕೆ ದೊಡ್ಡಮ್ಮನ ಕೈ ಹಿಡಿದುಕೊಂಡು "ನಗ್ತಾ ನಗಿಸ್ತಾ ಇದ್ರು, ಪುಣ್ಯಾತ್ಮ" ಎಂದರು. ಅದು ಕ್ಷಮೆಯೋ, ಚುಚ್ಚುಮಾತೋ, ಸಾವಿನ ಮನೆಯ ಮರ್ಯಾದೆಯೋ ನಮಗೆ ಇವತ್ತಿಗೂ ಬಗೆಹರಿದಿಲ್ಲ. ಆವತ್ತು ಅದರ ಬಗ್ಗೆ ಯೋಚನೆಯನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಥೆ ಶುರುವಾಯಿತು, ನಾವು ಮತ್ತೆ ನಕ್ಕೆವು.

"ಪುಶಿಂಗ್ ಡೇಸೀಸ್" ನೋಡಿ ನಕ್ಕಿದ್ದೂ ಇದೇ ಅಭ್ಯಾಸದಿಂದ. ಯಾರು ನಮ್ಮವರೋ ಅವರ ತಪ್ಪು ತಮಾಷೆ. ಯಾರು ಕೊನೆಯ ಪಂಕ್ತಿಯಲ್ಲಿದ್ದಾರೋ ಅವರ ನಷ್ಟ "ಪಾಪ" ಎಂಬ ಎರಡಕ್ಷರ. ಧಾರಾವಾಹಿ ನಮಗೆ ಈ ಗುಣ ಕಲಿಸಲಿಲ್ಲ, ನಮ್ಮಲ್ಲಿದ್ದದ್ದನ್ನೇ ಚೆನ್ನಾಗಿ ಬಳಸಿಕೊಂಡಿತು. ಹಾಗಾಗಿ ಅದರ ಮೇಲೆ ಹೊರಿಸಿದ ಆರೋಪದಲ್ಲಿ ಅರ್ಧ ನಮ್ಮ ಮೇಲೇ ಇದೆ.

ಹಾಗೆಂದು ಆ ಡಿವಿಡಿಗಳನ್ನು ಎಸೆಯಿರಿ ಎನ್ನುತ್ತಿಲ್ಲ. ದೊಡ್ಡಪ್ಪನ ಕಥೆಗಳನ್ನೂ ನಾವು ಮರೆಯುವವರಲ್ಲ, ಮಗಳಿಗೂ ಹೇಳಿದ್ದೇವೆ. ನಗಿ, ಧಾರಾಳವಾಗಿ ನಗಿ. ಅಪರಾಧಿಯನ್ನು ಪ್ರೀತಿಸಿ, ಅವನಿಗೂ ಮನೆ ಮಕ್ಕಳಿರುತ್ತಾರೆ. ಆದರೆ ಸಾವಿನ ಬಗ್ಗೆ ಹಗುರವಾಗಿ ಕಥೆ ಹೇಳುವವರನ್ನು ಒಂದು ಮಾತು ಕೇಳಿ: ನಷ್ಟವಾದವರಿಗೆ ನಿಮ್ಮ ಪಂಕ್ತಿಯಲ್ಲಿ ಎಲೆ ಹಾಕಿದ್ದೀರಾ? ಹಾಕದೆ, ಆತ ಹೇಗೂ ಕೆಟ್ಟವನಾಗಿದ್ದ ಎಂದು ನಮ್ಮನ್ನು ಸಮಾಧಾನ ಮಾಡುತ್ತಿದ್ದೀರಾ? "ಡೆಡ್ ಲೈಕ್ ಮಿ" ಎಲೆ ಹಾಕಿತು. "ಬ್ಯಾರಿ" ಎಲೆ ಹಾಕಿ, ಕೂತವರು ಏಳುವವರೆಗೂ ನಮ್ಮನ್ನು ಏಳಲು ಬಿಡಲಿಲ್ಲ. ನಮ್ಮ ಪ್ರೀತಿಯ ಪೈ ಅಂಗಡಿ ಈ ಒಂದು ವಿಷಯದಲ್ಲಿ ಸೋತಿತು.

ಅಂದಹಾಗೆ, ಮಗಳು ನಮ್ಮ ಫ್ರಿಜ್ಜಿನ ಮೇಲೆ ಒಂದು ಹಳದಿ ಪೋಸ್ಟ್-ಇಟ್ ಅಂಟಿಸಿದ್ದಾಳೆ. ರೂಬ್‌ನ ಶೈಲಿಯಲ್ಲೇ "ಎಲ್. ಶಾಟ್ಜ್" ಎಂದು ಬರೆದು, ಜಾಗ, ಹೊತ್ತು ಹಾಕಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿ ನೋಡಿ ಒಂದು ಭಾನುವಾರ ಊರಿಗೆ ಫೋನ್ ಮಾಡಿದಾಗ ಅಕ್ಕನನ್ನು ಕೇಳಿದೆವು: "ಆವತ್ತು ಹೂ ಮಾರೋರು ಬಂದಿದ್ರಲ್ಲ, ಅವರ ಹೆಸರೇನು?" ಇಷ್ಟು ವರ್ಷ ನಮಗೆ ಅವರು ಬರೀ "ಹೂವಿನವರು." ಅಕ್ಕ ಹೆಸರು ಹೇಳಿದಳು. ಈಗ ಯಾಕೆ ಎಂದೂ ಕೇಳಿದಳು, ಅದಕ್ಕೆ ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರ ಮನೆಯವರು ಆ ಊರಲ್ಲೇ ಇದ್ದಾರೆ. ಮುಂದಿನ ಸಲ ಹೋದಾಗ ಅವರ ಮನೆ ಹುಡುಕಬೇಕೆಂದುಕೊಂಡಿದ್ದೇವೆ. ಹೋಗಿ ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ.

ಡಿವಿಡಿ ಬೇಕಾದವರು ಮುಂದಿನ ತಿಂಗಳ ಸಭೆಯಲ್ಲಿ ಕೇಳಿ, ಕೊಡುತ್ತೇವೆ. ವಾಪಸು ಕೊಡದಿದ್ದರೂ ಬೇಸರವಿಲ್ಲ. ಆದರೆ ನೋಡಿದ ಮೇಲೆ ನಮ್ಮ ಮಗಳ ಪ್ರಶ್ನೆಗೆ ನಿಮ್ಮ ಉತ್ತರ ಏನೆಂದು ನಾಲ್ಕು ಸಾಲು ಬರೆದು ಕಳಿಸಿ. ಮೂರನೆಯ ಕಂತನ್ನು ಮಾತ್ರ ತಪ್ಪಿಸಬೇಡಿ.